ಕನ್ನಡ ಪದ ಬೇಕು: ‘ವೆಹಿಕಲ್ ಟ್ರ್ಯಾಕಿಂಗ್ ಡಿವೈಸ್’, ‘ಪ್ಯಾನಿಕ್ ಬಟನ್’ (ಸ್ಟಿಕರ್‌ಗೆ, ಅರ್ಜೆಂಟ್)

ಡಿಟಿಪಿ ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಟೂರಿಸ್ಟ್ ಬಸ್ ಮಾಲೀಕರೊಬ್ಬರಿಗೆ ಎರಡು ಕೆಲಸ ಮಾಡಿಕೊಡಬೇಕು. ಸೀಟಿನ ಪಕ್ಕದ ಬಟನ್ ಹತ್ತಿರ ಅಂಟಿಸಲು ಸ್ಟಿಕರ್, ಡ್ರೈವರ್ ಕ್ಯಾಬಿನ್‌ಗೆ ಒಂದು ಹಾಳೆ. ಕೇಂದ್ರ ಮೋಟಾರು ವಾಹನ ನಿಯಮ 125-ಎಚ್ ಪ್ರಕಾರ ಕೂರಿಸಬೇಕಾದ, ಬಸ್ ಎಲ್ಲಿದೆ ಅಂತ ತಿಳಿಸುವ ಡಬ್ಬಿ ಇದು (ಎಐಎಸ್ 140 ಅನ್ನೋದು ಅದರ ಮಾನದಂಡ). 2019ರ ಜನವರಿಯಿಂದ ಹೊಸ ಬಸ್ಸು, ಟ್ಯಾಕ್ಸಿಗೆಲ್ಲ ಕಡ್ಡಾಯ, ಆಟೋಗಳಿಗಿಲ್ಲ. ಡ್ರೈವರ್‌ಗಳು ಸುಮ್ನೆ ‘ಜಿಪಿಎಸ್’ ಅಂತಾರೆ. ಹಾಳೆಯಲ್ಲಿ ‘ಹಾರ್ಶ್ ಬ್ರೇಕಿಂಗ್’, ‘ಟ್ಯಾಂಪರಿಂಗ್’ ಕೂಡ ಬರುತ್ತೆ. ಸ್ಟಿಕರ್ ಅಂಗೈ ಅಗಲ ಅಷ್ಟೇ. ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕು.

ನಿವೃತ್ತ ಮೇಷ್ಟ್ರು:
‘ವಾಹನ ಸ್ಥಾನ ಅನುಸರಣ ಸಾಧನ’. ‘ಆಪತ್ಕಾಲೀನ ಗುಂಡಿ’. ಇದರಲ್ಲಿ ಚರ್ಚೆಗೆ ಏನಿದೆ?

ತಿಳಿಗನ್ನಡ:
ಅಂಗಯ್ ಅಗಲದ ಚೀಟಿಗೆ ‘ಆಪತ್ಕಾಲೀನ’ವೇ? ಓದಿ ಮುಗಿಸುವಶ್ಟರಲ್ಲಿ ಕಳ್ಳ ಇಳಿದು ಹೋಗಿರುತ್ತಾನೆ. ಟ್ರ್ಯಾಕ್ ಅಂದರೆ ಜಾಡು. ತೆಲುಗಿನಲ್ಲೂ ‘ಜಾಡ’ ಇದೆ, ನಮ್ಮ ಮನೆಯದೇ ಪದ. ‘ಬಂಡಿಜಾಡುಗ’ ಅನ್ನಿ, ಮುಗಿಯಿತು. ‘ನಿಗಾ’ ಪಾರಸಿ. ‘ಪತ್ತೆ’ ಬಡಗಣದಿಂದ ಬಂದದ್ದು. ‘ತುರ್ತು’ ಕೂಡ ಬೇಡ, ಅದರ ಬೇರು ಸಂಸ್ಕ್ರುತದ ‘ತ್ವರಿತ’.

ಘಾಟಿ ರೋಡು:
ಈ ಡಬ್ಬಿ ಇರುವ ಬಸ್ಸುಗಳ ಜೊತೆ ದಿನಾ ಒದ್ದಾಡುವವನು ನಾನು. ಅದು ಏನು ಮಾಡುತ್ತೆ ಅಂತ ನೋಡಿ ಆಮೇಲೆ ಹೆಸರಿಡಿ.

‘ಪತ್ತೆ’ ಅಂದರೆ ಕಳೆದದ್ದನ್ನು ಹುಡುಕುವುದು. ನಮ್ಮ ಬಸ್ ಕಳೆದಿಲ್ಲ. ಎಲ್ಲಿದೆ, ಎಷ್ಟು ಸ್ಪೀಡಲ್ಲಿದೆ ಅಂತ ಅದು ಹೇಳುತ್ತಲೇ ಇರುತ್ತೆ. ಹಾಗಾಗಿ ‘ನಿಗಾ’ ಸರಿ. ಆದರೆ ಶಿರಾಡಿ ಘಾಟಿ ಹತ್ತುವಾಗ ಸಿಗ್ನಲ್ ಹೋಗುತ್ತೆ. ಆಫೀಸಿನ ಸ್ಕ್ರೀನಲ್ಲಿ ಬಸ್ಸು ತಿರುವಿನಲ್ಲೇ ನಿಂತ ಹಾಗೆ ಕಾಣುತ್ತೆ. ಡಬ್ಬಿ ಅಷ್ಟನ್ನೂ ತನ್ನೊಳಗೆ ಬರೆದಿಟ್ಟುಕೊಂಡು, ಸಿಗ್ನಲ್ ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತೆ. ಸಕಲೇಶಪುರ ಬರುವ ಹೊತ್ತಿಗೆ ಹಿಂದಿನ ದಾರಿಯೆಲ್ಲ ಗೆರೆಯಾಗಿ ಬಂದು ಬೀಳುತ್ತೆ. ಆ ಲೆಕ್ಕಕ್ಕೆ ‘ಜಾಡು’ವೂ ತಪ್ಪಲ್ಲ. ಆದರೆ ಹುಬ್ಬಳ್ಳಿಯಲ್ಲಿ ಅರ್ಧ ಜನಕ್ಕೆ ಅದು ಹಿಂದಿಯ ಪೊರಕೆ. ತಿಳಿಗನ್ನಡದವರ ಬರಹದಲ್ಲಿ ಮಹಾಪ್ರಾಣವೇ ಇಲ್ಲ, ಝಾಡುವಿಗೂ ಜಾಡುವಿಗೂ ಒಂದೇ ಅಕ್ಷರ!

ಉಳಿದದ್ದಕ್ಕೆ ಪದ ಹುಡುಕಲೇಬೇಡಿ, ವಾಕ್ಯ ಬರೆಯಿರಿ. ‘ಸಡನ್ ಬ್ರೇಕ್ ಹೊಡೆದರೆ ಗೊತ್ತಾಗುತ್ತದೆ.’ ‘ವೈರ್ ಕಿತ್ತರೆ, ಡಬ್ಬಿ ಬಿಚ್ಚಿದರೆ ಗೊತ್ತಾಗುತ್ತದೆ.’ ಒಳಗೆ ಬೇರೆ ಬ್ಯಾಟರಿ ಇದೆ, ವೈರ್ ಕಿತ್ತ ಸುದ್ದಿಯನ್ನೂ ಅದೇ ಕಳಿಸುತ್ತೆ.

ಇನ್ನೊಂದು ಮಾತು. ‘ಚಾಲಕರ ಮೇಲೆ ನಿಗಾ’ ಅಂತ ದಯವಿಟ್ಟು ಹಾಕಬೇಡಿ. ಕಾರ್ಮಿಕ ಕಾನೂನಿನಲ್ಲಿ ಸಾಮಾನ್ಯ ಡ್ಯೂಟಿ ದಿನಕ್ಕೆ 8 ಗಂಟೆ. ರಾತ್ರಿಯಿಡೀ ಓಡಿಸಿ ಬಂದವನನ್ನು ಬೆಳಿಗ್ಗೆ ಮತ್ತೆ ಟ್ರಿಪ್‌ಗೆ ಹತ್ತಿಸಿದರೆ ಅದೂ ಇದೇ ದಾಖಲೆಯಲ್ಲಿ ಕೂರುತ್ತೆ. ಸಿಕ್ಕಿಬೀಳುವವರು ಆಗ ಮಾಲೀಕರು.

ಲೇಡೀಸ್ ಸೀಟು:
ಗಂಡಸರೆಲ್ಲ ಡಬ್ಬಿಗೆ ನಾಮಕರಣ ಮಾಡ್ತಾ ಕೂತಿದ್ದೀರಿ. ಬಟನ್ ಯಾರಿಗೆ? 2012ರ ದೆಹಲಿ ಬಸ್ ಪ್ರಕರಣ ಆದ ಮೇಲೆ ಬಂದ ನಿಯಮ ಇದು, ಅಲ್ವಾ? ಒತ್ತಿದರೆ ಕಂಡಕ್ಟರ್‌ಗೆ ಬೆಲ್ ಆಗುತ್ತೆ ಅಂತ ಪಕ್ಕದ ಸೀಟಿನವರೊಬ್ಬರು ನನಗೇ ಹೇಳಿದ್ದಾರೆ. ಸ್ಟಾಪ್ ಬಂತು ಅಂತ ಒತ್ತುವವರೂ ಇರಬಹುದು. ಸಂದೇಶ ಹೋಗುವುದು ಕಂಟ್ರೋಲ್ ರೂಮಿಗೆ. ಸ್ಟಿಕರ್ ಹೇಳಬೇಕಾದದ್ದು ಅದನ್ನು. ಮತ್ತೆ ‘ಗುಂಡಿ’ ಬೇಡವೇ ಬೇಡ. ‘ತುರ್ತು ಗುಂಡಿ’ ಅಂದರೆ ಮುಂದೆ ರಸ್ತೆ ಹಾಳಾಗಿದೆ ಅಂದುಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು:
ಅಂಗಿಗೆ ಗುಂಡಿ ಹಾಕಿಕೊಳ್ಳುವಾಗ ಯಾರೂ ರಸ್ತೆ ನೆನೆಸಿಕೊಳ್ಳುವುದಿಲ್ಲ.

ತಿಳಿಗನ್ನಡ:
ಬಟನ್, ಸಡನ್, ವಯ್ರ್, ಕಂಟ್ರೋಲ್ ರೂಮ್. ಇದರಲ್ಲಿ ಕನ್ನಡ ಎಲ್ಲಿದೆ ಹೇಳಿ. ‘-ದರೆ’ ಒಂದೇ ಕನ್ನಡ. ಹೊಸ ಪದ ಯಾವತ್ತೂ ಮೊದಲಿಗೆ ನಗೆಪಾಟಲು. ‘ನಿಲ್ದಾಣ’ ಬಂದಾಗಲೂ ನಕ್ಕಿರುತ್ತಾರೆ. ಇವತ್ತು ಊರೂರಲ್ಲಿ ಇದೆ.

ನಿವೃತ್ತ ಮೇಷ್ಟ್ರು:
ಬೋರ್ಡಿನಲ್ಲಿದೆ. ಬಾಯಲ್ಲಿ ಬಸ್ ಸ್ಟ್ಯಾಂಡೇ. ಅದೂ ಇರಲಿ, ನಿಮ್ಮ ‘ನಿಲ್ದಾಣ’ದ ‘ತಾಣ’ ಎಲ್ಲಿಂದ ಬಂತು? ‘ಸ್ಥಾನ’ದ ತದ್ಭವ. ಬೇರು ಕೀಳಲು ಹೊರಟವರು ಮೊದಲು ಸ್ವಂತ ಅಂಗಳ ನೋಡಿಕೊಳ್ಳಲಿ.

ತಿಳಿಗನ್ನಡ:
ತದ್ಬವ ಅಂದರೆ ಕನ್ನಡದ ಬಾಯಿಗೆ ಒಗ್ಗಿ ಕನ್ನಡವೇ ಆದದ್ದು. ಅದಕ್ಕೆ ನನ್ನ ತಕರಾರಿಲ್ಲ.

ಘಾಟಿ ರೋಡು:
ಹಾಗಾದರೆ ‘ತುರ್ತು’ ಮಾಡಿದ ಪಾಪ ಏನು ಸಾರ್? ‘ತಕರಾರು’ ಕೂಡ ಅರಬ್ಬಿ.

ಡಿಟಿಪಿ ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ. ಜಗಳ ಮುಗಿಯುವವರೆಗೆ ಕಾಯಲು ಆಗಲಿಲ್ಲ. ಫೈಲ್ ಕಳಿಸಿದೆ. ಸ್ಟಿಕರ್: ‘ಅಪಾಯವಿದ್ದರೆ ಮಾತ್ರ ಈ ಬಟನ್ ಒತ್ತಿ. ಸಂದೇಶ ಕಂಟ್ರೋಲ್ ರೂಮಿಗೆ ಹೋಗುತ್ತದೆ.’ ಹಾಳೆಯ ತಲೆಬರಹ: ‘ವಾಹನ ನಿಗಾ ಸಾಧನ (ಜಿಪಿಎಸ್)’. ಬ್ರೇಕು, ವೈರಿನ ಸಾಲುಗಳು ಘಾಟಿ ರೋಡು ಅವರು ಕೊಟ್ಟ ಹಾಗೇ ಇವೆ. ಡ್ಯೂಟಿ ಗಂಟೆಯ ಸಾಲನ್ನೂ ಸೇರಿಸಿದ್ದೆ. ಮಾಲೀಕರು ಅದನ್ನು ತೆಗೆಸಿದರು.

ತಿಳಿಗನ್ನಡ:
‘ನಿಗಾ’ ಪಾರಸಿ ಅಂತ ಮೊದಲೇ ಹೇಳಿದ್ದೆ.

ಡಿಟಿಪಿ ಹುಬ್ಬಳ್ಳಿ:
ಗೊತ್ತು ಸಾರ್. ಪ್ರಿಂಟ್ ಆಗಿ ಹೋಯ್ತು.