ಜಿಲ್ಲೆಗೊಂದು ಪುರವಣಿ ಇಟ್ಟು ಮಾಸಪತ್ರಿಕೆ ಅಂಚೆಗೆ ಹಾಕಬಹುದಾ?

ಪ್ರಶ್ನೆ (ಕಲಬುರಗಿಯ ಕೃಷಿ ಮಾಸಪತ್ರಿಕೆಯೊಂದರ ವ್ಯವಸ್ಥಾಪಕಿ):
ಸರ್, ನಮ್ಮದು ತೊಗರಿ ಧಾರಣೆ, ಮಳೆ, ಬೆಳೆ ವಿಮೆ ಸುದ್ದಿ ಕೊಡುವ ಪತ್ರಿಕೆ. ಅಂಚೆಯಲ್ಲಿ ನೋಂದಣಿ ಆಗಿದೆ. ಮುಂದಿನ ತಿಂಗಳಿಂದ ಕಲಬುರಗಿ, ಬೀದರ್, ಯಾದಗಿರಿ ಚಂದಾದಾರರಿಗೆ ಬೇರೆ ಬೇರೆ 8 ಪುಟದ ಪುರವಣಿ ಇಡಬೇಕು ಅಂತಿದ್ದೇವೆ. ಪತ್ರಿಕೆಗೆ ಸಿಗುವ ರಿಯಾಯಿತಿ ಅಂಚೆ ದರದಲ್ಲೇ ಹೋಗುತ್ತಾ? ಯಾದಗಿರಿ ಪ್ರತಿಗಳ ಜೊತೆ ಟ್ರಾಕ್ಟರ್ ಅಂಗಡಿಯವರ ಕರಪತ್ರನೂ ಇಡಬೇಕಂತೆ.

ಉತ್ತರ (ನಿವೃತ್ತ ಅಂಚೆ ಅಧಿಕಾರಿ):
ಅಕ್ಕಾರೆ, ಪುರವಣಿ ಇಡಬಹುದು, ಆದರೆ ಅದು ಪತ್ರಿಕೆಯ ಭಾಗ ಅಂತ ನೋಡಿದ ಕೂಡಲೇ ಗೊತ್ತಾಗಬೇಕು. 1898ರ ಅಂಚೆ ಕಾಯ್ದೆಯ 9ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಪುರವಣಿಗೆ ಪತ್ರಿಕೆಯದ್ದೇ ದಿನಾಂಕ ಇರಬೇಕು, ಪತ್ರಿಕೆ ಜೊತೆಗೇ ಹೋಗಬೇಕು, ಒಳಗಿನ ವಿಷಯ ಪೂರ್ತಿ ಅಥವಾ ಬಹುಪಾಲು ಪತ್ರಿಕೆಯಂಥದ್ದೇ ಆಗಿರಬೇಕು, ಮತ್ತೆ ಪ್ರತಿ ಪುಟದ ತಲೆಯ ಮೇಲೆ ಪತ್ರಿಕೆಯ ಹೆಸರು, ದಿನಾಂಕ ಅಚ್ಚಾಗಿರಬೇಕು. ಪ್ರತಿ ಪುಟ ಅಂದ್ರೆ ಪ್ರತಿ ಪುಟ! ವಿನ್ಯಾಸ ಮಾಡುವ ಹುಡುಗರು ಚೆಂದ ಕಾಣಲ್ಲ ಅಂತ ಮೊದಲ ಪುಟದಲ್ಲಿ ಮಾತ್ರ ಹಾಕ್ತಾರೆ, ಅದನ್ನು ಒಪ್ಪಬೇಡಿ. ಆ ಕಾಯ್ದೆಯ ಜಾಗಕ್ಕೆ ಈಗ 2023ರ ಅಂಚೆ ಕಚೇರಿ ಕಾಯ್ದೆ ಬಂದಿದೆ, 2024ರ ಜೂನ್ 18ರಿಂದ ಜಾರಿ. ಆದರೂ ಪುರವಣಿ ಮಾಡುವವರು ಈ ಅಳತೆಯನ್ನೇ ಹಿಡಿದು ಮಾಡೋದು ಒಳ್ಳೇದು ಅನ್ನೋದು ನನ್ನ ಸಲಹೆ. ಇವತ್ತಿನ ದರಪಟ್ಟಿಯನ್ನು ಕಲಬುರಗಿ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ.

ಕರಪತ್ರ ಬೇಡ. ಅದು ಪುರವಣಿ ಅಲ್ಲ, ಬರೀ ಜಾಹೀರಾತು. ಅಂಗಡಿಯವರಿಗೆ ಯಾದಗಿರಿ ಪುರವಣಿಯ ಒಂದು ಪುಟದಲ್ಲಿ ಜಾಹೀರಾತು ಕೊಡಿ, ಪತ್ರಿಕೆಯಲ್ಲಿ ಜಾಹೀರಾತು ಇರಲು ಅಡ್ಡಿ ಇಲ್ಲ.

ಪ್ರಶ್ನೆ:
ತೂಕ ಜಾಸ್ತಿ ಆಗುತ್ತೆ ಅಂತ ಭಯ ಸರ್. ಎ4 ಅಳತೆ, ಒಳಗೆ 60 ಜಿಎಸ್‌ಎಂ (ಅಂದ್ರೆ ಚದರ ಮೀಟರಿಗೆ 60 ಗ್ರಾಂ ತೂಗುವ) ಕಾಗದದ 40 ಪುಟ, ಮೇಲೆ 130 ಜಿಎಸ್‌ಎಂ ರಕ್ಷಾಪುಟ.

ಉತ್ತರ:
ಮುದ್ರಣಕ್ಕೆ ಕೊಡುವ ಮುಂಚೆಯೇ ಲೆಕ್ಕ ಹಾಕಬಹುದು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 60 ಜಿಎಸ್‌ಎಂನ ಒಂದು ಹಾಳೆ 3.75 ಗ್ರಾಂ. 40 ಪುಟ ಅಂದ್ರೆ 20 ಹಾಳೆ, 75 ಗ್ರಾಂ. ರಕ್ಷಾಪುಟದ ಎರಡು ಹಾಳೆ ಸುಮಾರು 16. ಒಟ್ಟು 91 ಗ್ರಾಂ. ಇದಕ್ಕೆ ಅದೇ ಕಾಗದದ 8 ಪುಟದ ಪುರವಣಿ ಸೇರಿದರೆ ಇನ್ನೂ 15 ಗ್ರಾಂ, 106 ಆಯ್ತು, ದರ ಏರುವ ನೂರು ಗ್ರಾಂ ಗೆರೆ ದಾಟಿತು. 4 ಪುಟಕ್ಕೆ ಇಳಿಸಿದರೆ 99ರ ಹತ್ತಿರ, ಆದರೆ ಸುತ್ತುವ ಕಾಗದ, ವಿಳಾಸದ ಚೀಟಿಗೆ ಜಾಗ ಉಳಿಯಲ್ಲ.

ಆದ್ರೆ ನೀವು ಭಯ ಪಡಬೇಕಾದ್ದು ಇದಕ್ಕಲ್ಲ. ಹಳೆ ಕಾಯ್ದೆ ಕಾಲದ ದರ ನೋಡಿ: ನೋಂದಾಯಿತ ಪತ್ರಿಕೆಯ ಒಂದು ಪ್ರತಿಗೆ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ, ಆಮೇಲೆ ಪ್ರತಿ 100 ಗ್ರಾಂಗೆ 20 ಪೈಸೆ. ಅಂದ್ರೆ ನೂರು ದಾಟಿದರೆ 70 ಪೈಸೆ. ಅದೇ 106 ಗ್ರಾಂ ಕಾಗದ ಮಾಮೂಲಿ ಪತ್ರ ಅಂತ ಹೋದರೆ, 20 ಗ್ರಾಂಗೆ 5 ರೂಪಾಯಿಯಂತೆ 30 ರೂಪಾಯಿ. ರಿಯಾಯಿತಿ ಅಂದ್ರೆ ಎಷ್ಟು ದೊಡ್ಡದು ಅಂತ ಗೊತ್ತಾಯ್ತಲ್ವಾ? ಹಳ್ಳಿ ಹಳ್ಳಿಗೆ ಸಣ್ಣ ಪತ್ರಿಕೆಗಳು ಮುಟ್ಟಿದ್ದೇ ಈ ರಿಯಾಯಿತಿಯಿಂದ. ಒಂದು ಕರಪತ್ರದ ಆಸೆಗೆ ಅದನ್ನು ಕಳ್ಕೋಬಾರದು.

ಪ್ರಶ್ನೆ:
ಪಿನ್‌ಕೋಡ್ ನೋಡಿ ಜಿಲ್ಲೆವಾರು ಬೇರೆ ಮಾಡಿದರೆ ಸಾಕಾ?

ಉತ್ತರ:
ಸಾಲದು. ಮೂರೂ ಜಿಲ್ಲೆಗೆ ಮೊದಲ ಮೂರು ಅಂಕಿ 585. ನಾಲ್ಕನೇ ಅಂಕಿ ನಂಬಿದರೂ ಕೆಡುತ್ತೆ. ಶಹಾಪುರ 585223, ಸುರಪುರ 585224, ಇವು ಯಾದಗಿರಿ ಜಿಲ್ಲೆ. ಪಕ್ಕದ ನಂಬರಿನ ಸೇಡಂ 585222 ಕಲಬುರಗಿ ಜಿಲ್ಲೆ, ಚಿತ್ತಾಪುರ 585211 ಕೂಡ. ಆಳಂದ 585302 ಕಲಬುರಗಿಗೆ ಸೇರಿದರೆ ಬಸವಕಲ್ಯಾಣ 585327, ಹುಮನಾಬಾದ್ 585330 ಬೀದರಿಗೆ. ಯಾದಗಿರಿ ಜಿಲ್ಲೆ ಆದದ್ದೇ 2009ರಲ್ಲಿ, ಪಿನ್‌ಕೋಡ್ ಅದಕ್ಕಿಂತ ಹಳೇದು. ಚಂದಾ ಪಟ್ಟಿಯಲ್ಲಿ ತಾಲ್ಲೂಕಿಗೆ ಒಂದು ಕಾಲಂ ಹಾಕಿ, ಅದರಿಂದಲೇ ಪುರವಣಿ ಹಂಚಿ. ಪುರವಣಿಗಳ ತೂಕ ಬೇರೆ ಬೇರೆ ಇದ್ದರೆ ಕಟ್ಟುಗಳನ್ನೂ ಬೇರೆ ಕಟ್ಟಿ.

ಇನ್ನೊಬ್ಬರು (ಬೀದರ್):
ನಮ್ಮ ಕಡೆ ಮರಾಠಿ ಓದುವ ರೈತರು ಬಹಳ ಸರ್. ಬೀದರ್ ಪುರವಣಿ ಮರಾಠಿಯಲ್ಲಿ ಮಾಡಬಹುದಾ?

ಉತ್ತರ:
ಒಳ್ಳೆ ವಿಚಾರ ಅಣ್ಣಾ, ಆದರೆ ಅಂಚೆಗಿಂತ ಮುಂಚೆ ಪತ್ರಿಕಾ ನೋಂದಣಿ ನೋಡಿ. ಪ್ರಮಾಣಪತ್ರದಲ್ಲಿ ಭಾಷೆ ಯಾವುದು ಅಂತ ಬರೆದಿರುತ್ತೆ. ಬರೀ ಕನ್ನಡ ಅಂತಿದ್ದರೆ ಮೊದಲು ಎರಡು ಭಾಷೆ ಅಂತ ತಿದ್ದುಪಡಿ ಮಾಡಿಸಿ. ಪತ್ರಿಕಾ ನೋಂದಣಿಗೂ 2024ರ ಮಾರ್ಚ್ 1ರಿಂದ ಬೇರೆ ಹೊಸ ಕಾಯ್ದೆ ಜಾರಿಯಲ್ಲಿದೆ, ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಹಾಕಬೇಕು.

ಪ್ರಶ್ನೆ:
ಕೊನೇದು ಸರ್. ಯಾದಗಿರಿ ಪುರವಣಿ ಅಚ್ಚಾಗೋದು ಎರಡು ದಿನ ತಡವಾದರೆ ಆಮೇಲೆ ಕಳಿಸಬಹುದಾ?

ಉತ್ತರ:
ಬೇಡ. ಒಂಟಿಯಾಗಿ ಹೋದರೆ ಅದು ಪುರವಣಿ ಆಗಲ್ಲ. ನಿಮಗೆ ಗೊತ್ತುಮಾಡಿದ ತಾರೀಖಿಗೆ ಪತ್ರಿಕೆ ಹಾಕಿಬಿಡಿ. ಯಾದಗಿರಿ ಪುಟಗಳನ್ನು ಮುಂದಿನ ಸಂಚಿಕೆಗೆ ಉಳಿಸಿ, ದಿನಾಂಕ ಬದಲಿಸಿ ಅದರ ಜೊತೆ ಕಳಿಸಿ. ಧಾರಣೆ ಪಟ್ಟಿ ಮಾತ್ರ ಹೊಸದು ಹಾಕಿ, ತಿಂಗಳ ಹಿಂದಿನ ತೊಗರಿ ರೇಟು ರೈತರಿಗೆ ಕೊಡಬೇಡಿ.