10% ಕಡಿತವಾದರೆ ತೆರಿಗೆ ತೀರಿದಂತೆಯೇ?

ವಿಜಯಪುರ ಕಾಕಾ (ಫಾರ್ವರ್ಡ್ ಸಂದೇಶ): "12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹೊರಗಿನ ಕೆಲಸದ ಬಿಲ್ಲಿನಲ್ಲಿ 10% ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತವಾಗಿದ್ದರೆ ಸರ್ಕಾರದ ಪಾಲು ಸಂದಂತೆ. ಸಂಬಳದ ರಿಟರ್ನ್ ಮಾತ್ರ ಸಲ್ಲಿಸಿ. ಎಲ್ಲರಿಗೂ ಕಳುಹಿಸಿ."

ಬಾಗಲಕೋಟೆ ಅಣ್ಣ: ಕಾಕಾ, ಇದು ನನಗಾಗಿಯೇ ಬರೆದಂತಿದೆ. ಕಾಲೇಜಿನ ಸಂಬಳ ವರ್ಷಕ್ಕೆ 12,75,000 ರೂಪಾಯಿ, ಅದಕ್ಕೆ ತೆರಿಗೆ ಬರುವುದಿಲ್ಲ. ಭಾನುವಾರಗಳಂದು ಕಟ್ಟಡಗಳ ಡ್ರಾಯಿಂಗ್ ಮಾಡಿಕೊಟ್ಟದ್ದಕ್ಕೆ ಬಂದ 3 ಲಕ್ಷದಲ್ಲಿ ಗುತ್ತಿಗೆ ಕಂಪನಿಯವರು 30,000 ಹಿಡಿದುಕೊಂಡೇ ಕೊಟ್ಟಿದ್ದಾರೆ. ಅಲ್ಲಿಗೆ ಲೆಕ್ಕ ಮುಗಿಯಿತು.

ನಾನು: ಮುಗಿಯುವುದಿಲ್ಲ ಅಣ್ಣಾ. ಈ ಸಂದೇಶವನ್ನು ನಂಬಿದವರು ಮುಂದಿನ ವರ್ಷ ನೋಟಿಸ್ ಹಿಡಿದು ಓಡಾಡಬೇಕಾಗುತ್ತದೆ ಎಂಬ ಆತಂಕದಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ. 12 ಲಕ್ಷವೆಂಬುದು ಎಲ್ಲರಿಗೂ ಸಿಗುವ ವಿನಾಯಿತಿ ಮಿತಿಯಲ್ಲ. 2025-26ರ ಹೊಸ ಪದ್ಧತಿಯಲ್ಲಿ ತೆರಿಗೆಯ ಹಂತಗಳು 4 ಲಕ್ಷದಿಂದಲೇ ಆರಂಭವಾಗುತ್ತವೆ. ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ ಮಾತ್ರ ಹಾಗೆ ಬಂದ 60,000 ರೂಪಾಯಿವರೆಗಿನ ತೆರಿಗೆಯನ್ನು ರಿಬೇಟ್ ಎಂದು ಬಿಟ್ಟುಕೊಡುತ್ತಾರೆ. ನಿನ್ನ ಸಂಬಳದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ಸಿಗುವ ನಿಗದಿತ ಕಡಿತ) ಕಳೆದರೆ ಸರಿಯಾಗಿ 12 ಲಕ್ಷ ಉಳಿಯುತ್ತದೆ. ಎಂಜಿನಿಯರಿಂಗ್ ವೃತ್ತಿಗೆ ಅಂದಾಜು ಲಾಭದ ಪದ್ಧತಿ (ಖರ್ಚಿನ ಲೆಕ್ಕವಿಡದೆ ಬಂದ ಹಣದ ಒಂದು ಪಾಲನ್ನೇ ಲಾಭವೆಂದು ತೋರಿಸುವುದು) ಅನ್ವಯಿಸುವುದರಿಂದ, ಡ್ರಾಯಿಂಗಿನ 3 ಲಕ್ಷದಲ್ಲಿ ಕನಿಷ್ಠ ಅರ್ಧವನ್ನು, ಅಂದರೆ 1,50,000 ರೂಪಾಯಿಯನ್ನು, ಲಾಭವೆಂದು ತೋರಿಸಿದರೆ ಒಟ್ಟು ಆದಾಯ 13,50,000 ಆಗುತ್ತದೆ, ರಿಬೇಟ್ ಪೂರ್ತಿಯಾಗಿ ಕೈಬಿಟ್ಟು ಹೋಗುತ್ತದೆ. ಆಗ ತೆರಿಗೆ 82,500, ಅದರ ಮೇಲೆ 4% ಸೆಸ್ ಸೇರಿ 85,800. ಹಿಡಿದುಕೊಂಡ 30,000 ಕಳೆದರೂ ಇನ್ನೂ 55,800 ನೀನೇ ಕಟ್ಟಬೇಕು.

ಬಾಗಲಕೋಟೆ ಅಣ್ಣ: ಒಂದೂವರೆ ಲಕ್ಷದ ಲಾಭಕ್ಕೆ 85,800 ತೆರಿಗೆಯೇ? ಭಾನುವಾರವೂ ದುಡಿದವನಿಗೆ ಇದೆಂಥ ನ್ಯಾಯ, ತಂಗಿ?

ವಿಜಯಪುರ ಕಾಕಾ: ತಿಕೋಟಾದ ಹೊಲ ನಿಮ್ಮ ತಂದೆಯ ನಂತರ ಅವನ ಹೆಸರಿಗೇ ಬಂದಿದೆಯಲ್ಲ. ಡ್ರಾಯಿಂಗಿನ ಹಣವನ್ನೂ ದ್ರಾಕ್ಷಿಯ ಆದಾಯವೆಂದು ಬರೆದುಬಿಟ್ಟರೆ ಯಾರು ಕೇಳುತ್ತಾರೆ?

ನಾನು: ಕೇಳುತ್ತಾರೆ ಕಾಕಾ. ಗುತ್ತಿಗೆ ಕಂಪನಿ ಟಿಡಿಎಸ್ ಕಟ್ಟಿ ಅದರ ವಿವರ ಸಲ್ಲಿಸಿದ ಮೇಲೆ ಅಣ್ಣನ ಪ್ಯಾನ್ ಸಂಖ್ಯೆಯ ಕೆಳಗೆ, ತೆರಿಗೆ ಇಲಾಖೆಯ 26ಎಎಸ್ ಎಂಬ ಟಿಡಿಎಸ್ ವಿವರಪಟ್ಟಿಯಲ್ಲಿಯೂ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿಯೂ, ವೃತ್ತಿ ಶುಲ್ಕವೆಂದೇ ಆ ಹಣ ನಮೂದಾಗುತ್ತದೆ. ಅದನ್ನು ದ್ರಾಕ್ಷಿಯ ಹಣವೆಂದು ಬರೆಯುವುದು ಸುಳ್ಳು ಮಾಹಿತಿ. ಅದಕ್ಕೆ ತಪ್ಪಿಸಿದ ತೆರಿಗೆಯ 200%ರಷ್ಟು ದಂಡ ವಿಧಿಸಬಹುದು. ಹೊಲವನ್ನು ನೆಚ್ಚಿ ಬದುಕುವ ನಮ್ಮಂಥ ಮನೆಗಳಿಗೆ ಕೃಷಿ ಆದಾಯದ ವಿನಾಯಿತಿ ಎಷ್ಟು ದೊಡ್ಡ ಆಸರೆಯೆಂದು ನೀವೇ ಬಲ್ಲಿರಿ. ಅದನ್ನು ಹೀಗೆ ದುರುಪಯೋಗ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಅಣ್ಣಾ, ನಿನ್ನ ಬೇಸರದಲ್ಲಿ ಅರ್ಥವಿದೆ. ಗಡಿಯನ್ನು ಸ್ವಲ್ಪವೇ ದಾಟಿದವರಿಗೆ ಅಲ್ಪ ಪರಿಹಾರವುಂಟು, ನೀನು ಅದನ್ನೂ ಮೀರಿ ಹೋಗಿರುವೆ. ಆದರೆ ತಡ ಮಾಡಿದರೆ ಹೊರೆ ಇನ್ನೂ ಹೆಚ್ಚುತ್ತದೆ. ಟಿಡಿಎಸ್ ಕಳೆದು ಉಳಿಯುವ ತೆರಿಗೆ 10,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂಗಡ ತೆರಿಗೆ ಕಟ್ಟಲೇಬೇಕು; ಅಂದಾಜು ಲಾಭ ತೋರಿಸುವವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಕಟ್ಟದೆ ಜುಲೈವರೆಗೆ ಬಿಟ್ಟರೆ ತಿಂಗಳಿಗೆ 1% ಬಡ್ಡಿಯಂತೆ ನಾಲ್ಕು ತಿಂಗಳಿಗೆ 2,232, ಮಾರ್ಚ್ ಕಂತು ತಪ್ಪಿದ್ದಕ್ಕೆ ಬೇರೆ 558. ರಿಟರ್ನ್ ಕೂಡ ಸಂಬಳದಾರರ 'ಸಹಜ್' ಅಲ್ಲ, ಹೊಲದ ಆದಾಯ 5,000 ರೂಪಾಯಿ ದಾಟದಿದ್ದರೆ ಅಂದಾಜು ಲಾಭದವರ 'ಸುಗಮ್' ನಮೂನೆಯಲ್ಲಿ ಸಲ್ಲಿಸಬೇಕು.

ಜಮಖಂಡಿ ವೈನಿ: ನನ್ನ ಟ್ಯೂಷನ್ನಿಗೂ ಈ ಅರ್ಧದ ಲೆಕ್ಕವೇ?

ನಾನು: ಇಲ್ಲ ವೈನಿ, ಬೋಧನೆ ಆ ವೃತ್ತಿಗಳ ಪಟ್ಟಿಯಲ್ಲಿಲ್ಲ. ಕೋಣೆಯ ಬಾಡಿಗೆ, ಪುಸ್ತಕ ಮುಂತಾದ ಖರ್ಚಿನ ರಸೀದಿಗಳನ್ನು ತಪ್ಪದೆ ತೆಗೆದಿಟ್ಟುಕೊಳ್ಳಿ.

ಬಾಗಲಕೋಟೆ ಅಣ್ಣ: ಹಾಗಾದರೆ ಕಾನೂನಿನೊಳಗೆ ತಗ್ಗಿಸುವ ದಾರಿಯೇ ಇಲ್ಲವೇ?

ನಾನು: ಒಂದಿದೆ. ಸಂಬಳದ ರಚನೆಯಲ್ಲಿ ಕಾಲೇಜಿನವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆಗೆ) ತಮ್ಮ ಪಾಲು ಕಟ್ಟಲು ಒಪ್ಪಿದರೆ, ಮೂಲ ವೇತನದ 14%ವರೆಗಿನ ಆ ಮೊತ್ತವು ಹೊಸ ಪದ್ಧತಿಯಲ್ಲಿಯೂ ಕಡಿತಕ್ಕೆ ಅರ್ಹವಾಗುತ್ತದೆ. ಈ ವರ್ಷಕ್ಕೆ ಅದು ಕೂಡಿಬರದಿದ್ದರೂ ಹೊರಗಿನ ಆದಾಯವನ್ನು ಕಾಲೇಜಿನ ಲೆಕ್ಕ ವಿಭಾಗಕ್ಕೆ ಬರಹದಲ್ಲಿ ತಿಳಿಸು. ಉಳಿದ ತೆರಿಗೆಯನ್ನು ಸಂಬಳದಲ್ಲಿಯೇ ಹಿಡಿದರೆ ಮಾರ್ಚಿನಲ್ಲಿ ಒಮ್ಮೆಲೇ ಹಣ ಹೊಂದಿಸುವ ಕಷ್ಟ ತಪ್ಪುತ್ತದೆ.

ಬಾಗಲಕೋಟೆ ಅಣ್ಣ: ಸೋಮವಾರ ಎರಡನ್ನೂ ಕೇಳುತ್ತೇನೆ. ಕಾಕಾ, ಆ ಸಂದೇಶವನ್ನು ಬೇರೆ ಗುಂಪುಗಳಿಗೂ ಹಾಕಿದ್ದರೆ ದಯವಿಟ್ಟು ಅಳಿಸಿಬಿಡಿ.

ವಿಜಯಪುರ ಕಾಕಾ: ಅಳಿಸುತ್ತೇನೆ. ತಂಗಿ ಬರೆದ ಲೆಕ್ಕವನ್ನೇ ಅಲ್ಲಿಗೂ ಕಳುಹಿಸುತ್ತೇನೆ, ಸಂಬಳದ ಅಂಕಿ ಮಾತ್ರ ತೆಗೆದು.