ಏಡಿಗೆ ಹೊಸ ಕೈ ಬರುತ್ತದೆ, ನಮಗೆ ಯಾಕೆ ಬರುವುದಿಲ್ಲ?

ದಕ್ಕೆ ಮಗಳು:
ನಿನ್ನೆ ಮಂಗಳೂರಿನ ಮೀನು ಬಂದರು ದಕ್ಕೆಯಿಂದ ಏಡಿ ತಂದೆ. ಒಂದರ ಬಲಗೈ ದಪ್ಪ, ಎಡಗೈ ಮಾತ್ರ ತೀರಾ ಪುಟ್ಟದು. "ಇದು ಮುರಿದು ಹೋಗಿ ಹೊಸತಾಗಿ ಬಂದದ್ದು" ಅಂದರು ಅಪ್ಪ. ಅವರ ಎರಡು ಬೆರಳು 15 ವರ್ಷದ ಹಿಂದೆ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಹೋಗಿವೆ. ಆ ಏಡಿಯನ್ನು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು, ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ಏಡಿಯ ಕೈಗೆ, ಹಲ್ಲಿಯ ಬಾಲಕ್ಕೆ ಆಗುವುದು ನಮಗೆ ಯಾಕೆ ಆಗುವುದಿಲ್ಲ?

ಮಲ್ಪೆ ಬೋಟು:
ಬಲೆಗೆ ಸಿಕ್ಕಿದರೆ ಏಡಿ ತಾನೇ ಕೈ ಬಿಟ್ಟು ಹೋಗುತ್ತದೆ ಮಾರಾಯ್ರೆ. ಬುಡದಲ್ಲಿ ಯಾವಾಗಲೂ ಒಂದೇ ಜಾಗದಲ್ಲಿ ಮುರಿಯುತ್ತದೆ, ಅಲ್ಲೇ ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಮುಂದಿನ ಸಲ ಚಿಪ್ಪು ಕಳಚಿದಾಗ ಸಣ್ಣ ಕೈ ಹೊರಗೆ ಬರುತ್ತದೆ. ಆಮೇಲೆ ಪ್ರತಿ ಸಲ ಕಳಚುವಾಗ ಸ್ವಲ್ಪ ಸ್ವಲ್ಪ ದೊಡ್ಡದು.

ಉಡುಪಿ ಟೀಚರ್:
ಒಂದೇ ಕಾರಣ ಅಂತ ಇಲ್ಲ. ಆದರೆ ಗಾಯ ಹೇಗೆ ಮುಚ್ಚುತ್ತದೆ ಅನ್ನುವುದು ದೊಡ್ಡ ವಿಷಯ. ಮೆಕ್ಸಿಕೋದ ಆಕ್ಸೊಲಾಟಲ್ ಅಂತ ಒಂದು ಜೀವಿ ಇದೆ, ಕಪ್ಪೆಗಳಿಗೆ ದೂರದ ನೆಂಟ. ಅದರ ಕಾಲು ಕತ್ತರಿಸಿದರೆ ಮೊದಲು ತೆಳು ಚರ್ಮ ಮುಚ್ಚುತ್ತದೆ, ಅದರ ಅಡಿಯಲ್ಲಿ ಜೀವಕೋಶಗಳು ಮೊಗ್ಗಿನ ಹಾಗೆ ಗುಂಪಾಗುತ್ತವೆ. ಬ್ಲಾಸ್ಟೆಮಾ ಅನ್ನುವುದು ಇದಕ್ಕೇ. ಅದರಿಂದ ಮೂಳೆ, ಸ್ನಾಯು, ನರ ಎಲ್ಲ ಸೇರಿ ಇಡೀ ಕಾಲು ಬರುತ್ತದೆ. ನರ ಅಲ್ಲಿಗೆ ತಲುಪದಿದ್ದರೆ ಮೊಗ್ಗು ಬೆಳೆಯುವುದಿಲ್ಲ. ನಮ್ಮ ದೇಹಕ್ಕೆ ಅವಸರ. ರಕ್ತ ನಿಲ್ಲಬೇಕು, ನಂಜು ಏರಬಾರದು, ಅದಕ್ಕೆ ಬೇಗ ಗಟ್ಟಿ ಕಲೆ ಹಾಕಿ ಮುಚ್ಚಿಬಿಡುತ್ತದೆ. ಕಲೆ ಬಂದ ಮೇಲೆ ಮೊಗ್ಗಿಗೆ ಜಾಗ ಇಲ್ಲ.

ಹಲ್ಲಿಯದೂ ಪೂರ್ತಿ ಅಲ್ಲ. ಹೊಸ ಬಾಲದಲ್ಲಿ ಬೆನ್ನುಮೂಳೆಯ ಮಣಿಗಳಿಲ್ಲ, ಮೃದು ಮೂಳೆಯ ಕೊಳವೆ ಮಾತ್ರ. ಕಾಲು ಹೋದರೆ ಅದಕ್ಕೂ ಸರಿಯಾಗಿ ಬರುವುದಿಲ್ಲ.

ನಮ್ಮಲ್ಲಿ ಈ ಶಕ್ತಿ ಪೂರ್ತಿ ಸತ್ತಿಲ್ಲ ಅನ್ನುವುದು ನನಗೆ ತುಂಬ ಇಷ್ಟದ ವಿಷಯ. ಯಕೃತ್ತಿನ ಒಂದು ಭಾಗ ತೆಗೆದರೂ ಉಳಿದದ್ದು ಬೆಳೆದು ಮೊದಲಿನ ಗಾತ್ರಕ್ಕೆ ಬರುತ್ತದೆ. ಚಿಕ್ಕ ಮಕ್ಕಳ ಬೆರಳ ತುದಿ ತುಂಡಾದರೆ, ಉಗುರಿನ ಬುಡ ಉಳಿದಿದ್ದರೆ, ಎಷ್ಟೋ ಸಲ ಚೆನ್ನಾಗಿ ಮತ್ತೆ ಬರುತ್ತದೆ. ಈಗ ತಾನೇ ಹುಟ್ಟಿದ ಇಲಿಮರಿಯ ಹೃದಯದ ತುದಿ ಕತ್ತರಿಸಿದರೂ ಅದು ಬೆಳೆಯಿತು, ಒಂದು ವಾರ ಕಳೆದ ಮರಿಯಲ್ಲಿ ಆಗಲಿಲ್ಲ. ಇದು ಗೊತ್ತಾದದ್ದು 2011ರಲ್ಲಿ.

ದಕ್ಕೆ ಮಗಳು:
ಥ್ಯಾಂಕ್ಸ್ ಟೀಚರ್. ಅಪ್ಪನದು ಬುಡದಿಂದಲೇ ಹೋದದ್ದು, ಉಗುರು ಉಳಿಯಲೇ ಇಲ್ಲ. ಇದನ್ನು ಓದಿ ಹೇಳಿದಾಗ ಅವರೇ ನೆನಪು ಮಾಡಿದರು, ನನ್ನ ತಮ್ಮ ಸಣ್ಣವನಿದ್ದಾಗ ಬಾಗಿಲಿಗೆ ಸಿಕ್ಕಿ ಬೆರಳ ತುದಿ ಹೋಗಿತ್ತು ಅಂತ. ರಾತ್ರಿ ಅವನನ್ನು ಕರೆದು ಕೈ ನೋಡಿದೆವು. ಯಾವ ಬೆರಳು ಅಂತಲೇ ಗೊತ್ತಾಗಲಿಲ್ಲ.